ದೃಢೀಕರಣ ಸಂಸ್ಕಾರಕ್ಕೆ ನಮ್ಮ ಮಕ್ಕಳನ್ನು ಸಿದ್ಧಗೊಳಿಸುವುದು

(ಧರ್ಮೋಪದೇಶದ ಶಿಕ್ಷಕರು ಮತ್ತು ಹೆತ್ತವರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ವಂದನೀಯ ಗುರುಗಳೇ, ಧರ್ಮಭಗಿನಿಯರೇ, ಭಾನುವಾರದ ತರಗತಿಗಳ ಹೊಣೆ ಹೊತ್ತಿರುವ ಶಿಕ್ಷಕ ಮಿತ್ರರೇ, ಹೆತ್ತವರೇ,

ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 19ನೆಯ ಅಧ್ಯಾಯದ ಆರಂಭದಲ್ಲಿ ಒಂದು ಪುಟ್ಟ ಸಂಭಾಷಣೆ ಇದೆ. ಸಂತ ಪೌಲರು ಎಫೆಸ ನಗರಕ್ಕೆ ಬಂದು, ಅಲ್ಲಿ ಕೆಲವು ಶಿಷ್ಯರನ್ನು ಕಂಡು, ನೀವು ವಿಶ್ವಾಸಿಗಳಾದಾಗ ಪವಿತ್ರಾತ್ಮರನ್ನು ಪಡೆದಿರೋ ಎಂದು ವಿಚಾರಿಸುತ್ತಾರೆ. ಪವಿತ್ರಾತ್ಮರು ಇದ್ದಾರೆಂಬುದನ್ನೇ ನಾವು ಕೇಳಿಲ್ಲ ಎಂದು ಅವರು ಉತ್ತರಿಸುತ್ತಾರೆ. ಪೌಲರು ಅವರನ್ನು ಗದರಿಸುವುದಿಲ್ಲ. ಅವರಿಗೆ ಆಗಿರುವುದು ಸ್ನಾನಿಕ ಯೊವಾನ್ನರ ದೀಕ್ಷೆ ಮಾತ್ರ ಎಂದು ತಿಳಿದುಕೊಂಡು, ಯೇಸುವಿನ ವಿಷಯ ಹೇಳಿ, ಯೇಸುವಿನ ಹೆಸರಿನಲ್ಲಿ ದೀಕ್ಷೆ ಕೊಡಿಸಿ, ಅವರ ಮೇಲೆ ಹಸ್ತವಿಡುತ್ತಾರೆ. ಅವರು ಸುಮಾರು ಹನ್ನೆರಡು ಮಂದಿ ಇದ್ದರೆಂದು ಗ್ರಂಥ ಹೇಳುತ್ತದೆ. ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿ ದೃಢೀಕರಣದ, ಎಂದರೆ ಹಣೆಗೆ ಪವಿತ್ರ ತೈಲ ಹಚ್ಚಿ ಪವಿತ್ರಾತ್ಮರ ವರ ಕೊಡುವ ಸಂಸ್ಕಾರದ, ತರಗತಿಯಲ್ಲಿ ಕೂರುವ ಮಕ್ಕಳೂ ಹೆಚ್ಚುಕಡಿಮೆ ಅಷ್ಟೇ.

ಆ ಎಫೆಸದವರಂತೆ ನಮ್ಮ ಮಕ್ಕಳು ಪವಿತ್ರಾತ್ಮರ ಹೆಸರು ಕೇಳದವರಲ್ಲ. ಊಟಕ್ಕೆ ಮುಂಚೆ, ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆ, ಬಸ್ಸು ಚರ್ಚಿನ ಮುಂದೆ ಹಾದುಹೋಗುವಾಗ ಶಿಲುಬೆಯ ಗುರುತು ಹಾಕಿಕೊಂಡು ಆ ಹೆಸರನ್ನು ಹೇಳುವವರೇ. ಆದರೆ ತರಗತಿಯ ಮೊದಲ ವಾರ, ನೀವು ಎಂದಾದರೂ ಪವಿತ್ರಾತ್ಮರನ್ನು ಕರೆದು ಪ್ರಾರ್ಥನೆ ಮಾಡಿದ್ದೀರಾ ಎಂದು ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಪಿತನಾದ ದೇವರಿಗೆ ಮಾಡಿದ್ದಾರೆ, ಯೇಸುಸ್ವಾಮಿಗೆ ಮಾಡಿದ್ದಾರೆ, ಮಾತೆ ಮರಿಯಮ್ಮನವರಿಗೂ ಸಂತ ಅಂತೋಣಿಯವರಿಗೂ ಹರಕೆ ಹೊತ್ತಿದ್ದಾರೆ. ಪವಿತ್ರಾತ್ಮರು ಮಾತ್ರ ಅವರ ಮಟ್ಟಿಗೆ ಪ್ರಾರ್ಥನೆಯ ಕೊನೆಯ ಪದವಾಗಿ ಉಳಿದುಬಿಟ್ಟಿದ್ದಾರೆ. ಇಂಥ ಮಕ್ಕಳಿಗೆ ನಾವು ಒಂದು ವರ್ಷ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿ, ಪವಿತ್ರಾತ್ಮರ ಏಳು ವರಗಳನ್ನು ಕ್ರಮವಾಗಿ ಒಪ್ಪಿಸಲು ಕಲಿಸಿ, ಸಂಸ್ಕಾರ ಕೊಡಲು ಬರುವ ಧರ್ಮಾಧ್ಯಕ್ಷರು (ಬಿಷಪ್) ಏನಾದರೂ ಕೇಳಿದರೆ ತಡವರಿಸದಂತೆ ತಯಾರು ಮಾಡುತ್ತೇವೆ. ಆ ದಿನ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಮುಂದಿನ ಭಾನುವಾರ ಅರ್ಧದಷ್ಟು ಮಕ್ಕಳು ಕಾಣುವುದಿಲ್ಲ.

ಇದು ನಮ್ಮೊಬ್ಬರ ಅನುಭವವಲ್ಲ. ಜಗದ್ಗುರು ಪೋಪ್ ಫ್ರಾನ್ಸಿಸರು ದೃಢೀಕರಣವು ವಿದಾಯದ ಸಂಸ್ಕಾರವಾಗಿಬಿಡುತ್ತಿದೆ ಎಂದು ಒಂದಕ್ಕಿಂತ ಹೆಚ್ಚು ಬಾರಿ ನೊಂದು ಹೇಳಿದ್ದರು. ನಾನು ಈ ಹೊತ್ತು ಹೇಳಬೇಕೆಂದುಕೊಂಡಿರುವುದು ಒಂದೇ ಸಂಗತಿ. ಸಿದ್ಧತೆಯ ನಡುಮನೆಯಲ್ಲಿ ಇಂದು ಪುಸ್ತಕ ಕೂತಿದೆ. ಆ ಜಾಗಕ್ಕೆ ಮಗುವಿನೊಡನೆ ಪ್ರಾರ್ಥಿಸುವ, ಅದರ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳುವ, ಸಂಸ್ಕಾರ ಮುಗಿದ ಮೇಲೂ ಅದರ ಜೊತೆಯಲ್ಲಿ ಉಳಿಯುವ ಒಬ್ಬ ಹಿರಿಯ ವಿಶ್ವಾಸಿಯನ್ನು ತಂದು ಕೂರಿಸಬೇಕು. ಪುಸ್ತಕ ಅವರ ಕೈಯಲ್ಲಿರಲಿ.

ಹದಿಹರೆಯಕ್ಕೇ ಈ ಸಂಸ್ಕಾರ ಏಕೆ ಬಂತು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದನ್ನು ತಿಳಿಯದೆ ನಾವು ಮಕ್ಕಳಿಗೆ ತಪ್ಪು ಕಾರಣ ಹೇಳುತ್ತಿರುತ್ತೇವೆ. ಆದಿಸಭೆಯಲ್ಲಿ ಸ್ನಾನದೀಕ್ಷೆ, ಇಂದು ದೃಢೀಕರಣ ಎನ್ನುವ ತೈಲದ ಅಭ್ಯಂಗನ, ಪರಮಪ್ರಸಾದ ಮೂರೂ ಒಂದೇ ಆಚರಣೆಯೊಳಗೆ ನಡೆಯುತ್ತಿದ್ದವು. ಧರ್ಮಸಭೆ ಹಳ್ಳಿಹಳ್ಳಿಗೂ ಹರಡಿದಾಗ ಪ್ರತಿ ದೀಕ್ಷೆಗೂ ಧರ್ಮಾಧ್ಯಕ್ಷರು ಹೋಗುವುದು ಸಾಧ್ಯವಿರಲಿಲ್ಲ. ಪೂರ್ವದ ಸಭೆಗಳು ಧರ್ಮಾಧ್ಯಕ್ಷರು ಪವಿತ್ರೀಕರಿಸಿದ ತೈಲವನ್ನು ಗುರುಗಳ ಕೈಗೆ ಕೊಟ್ಟು ಮೂರನ್ನೂ ಒಟ್ಟಿಗೇ ಉಳಿಸಿಕೊಂಡವು. ಪಶ್ಚಿಮದ ಸಭೆ ಅಭ್ಯಂಗನವನ್ನು ಧರ್ಮಾಧ್ಯಕ್ಷರಿಗೇ ಕಾಯ್ದಿರಿಸಿ, ಅವರು ಬರುವವರೆಗೆ ಕಾಯುವ ದಾರಿ ಹಿಡಿಯಿತು. ಇವೆರಡನ್ನೂ ನೋಡಲು ನಾವು ದೂರ ಹೋಗಬೇಕಿಲ್ಲ. ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಪೂರ್ವದ ಪರಂಪರೆಗೆ ಸೇರಿದ ಸಿರೋ ಮಲಬಾರ್ ಸಭೆಯ ಧರ್ಮಕ್ಷೇತ್ರಗಳಿವೆ. ಅಲ್ಲಿನ ಕುಟುಂಬಗಳ ಮಕ್ಕಳಿಗೆ ಸಾಮಾನ್ಯವಾಗಿ ಸ್ನಾನದೀಕ್ಷೆಯ ದಿನವೇ ತೈಲಾಭ್ಯಂಗನವೂ ಆಗಿರುತ್ತದೆ. ಅದೇ ಊರಿನ, ಪಶ್ಚಿಮದ ಲ್ಯಾಟಿನ್ ಸಂಪ್ರದಾಯದ ಮಗು ಪ್ರೌಢಶಾಲೆಯವರೆಗೆ ಕಾಯುತ್ತದೆ. ಒಂದೇ ಬೆಂಚಿನಲ್ಲಿ ಕೂರುವ ಈ ಇಬ್ಬರೂ ಪಡೆದ ಸಂಸ್ಕಾರ ಒಂದೇ.

ಪಶ್ಚಿಮದಲ್ಲಿಯೂ ದೃಢೀಕರಣದ ನಂತರ ಪರಮಪ್ರಸಾದ ಎಂಬ ಕ್ರಮ ಬದಲಾದದ್ದು ಬಹುಮಟ್ಟಿಗೆ ತೀರ ಈಚೆಗೆ. 1910ರಲ್ಲಿ ಪೋಪ್ ಸಂತ ಹತ್ತನೆಯ ಪಿಯುಸರು ಮಕ್ಕಳು ಸುಮಾರು ಏಳನೆಯ ವಯಸ್ಸಿಗೇ ಪರಮಪ್ರಸಾದ ಸ್ವೀಕರಿಸಬಹುದೆಂದು ವಿಧಿಸಿದರು. ಅದು ಮಕ್ಕಳ ಮೇಲಿನ ಪ್ರೀತಿಯಿಂದ ಬಂದ ಆಜ್ಞೆ. ಪರಮಪ್ರಸಾದ ಮುಂದಕ್ಕೆ ಬಂದಾಗ ದೃಢೀಕರಣ ಇದ್ದಲ್ಲೇ ಉಳಿಯಿತು, ಕೆಲವು ದೇಶಗಳಲ್ಲಿ ಇನ್ನೂ ಹಿಂದಕ್ಕೆ ಸರಿಯಿತು. ಹೀಗೆ ಹಿಂದೆ ಉಳಿದುದಕ್ಕೆ ಆಮೇಲೆ ನಾವು ಕೊಟ್ಟುಕೊಂಡ ವಿವರಣೆಯೇ ಪ್ರೌಢತೆ: ಮಗು ಈಗ ದೊಡ್ಡದಾಗಿದೆ, ತನ್ನ ವಿಶ್ವಾಸವನ್ನು ತಾನೇ ಒಪ್ಪಿಕೊಳ್ಳುತ್ತಿದೆ ಎಂಬ ಮಾತು. ಈ ಮಾತಿನಲ್ಲಿ ಸತ್ಯವಿದ್ದರೂ ಅಪಾಯವೂ ಇದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 1308ನೆಯ ಪರಿಚ್ಛೇದದಲ್ಲಿ ಪ್ರೌಢ ವಿಶ್ವಾಸವನ್ನು ದೇಹದ ಪ್ರಾಯದೊಡನೆ ಬೆರೆಸಬಾರದೆಂದು ಎಚ್ಚರಿಸಿ, ಎಳೆಯ ಮಕ್ಕಳೂ ಕ್ರಿಸ್ತರಿಗಾಗಿ ರಕ್ತ ಸುರಿಸುವಷ್ಟು ಬಲ ಪಡೆದಿದ್ದಾರೆಂಬ ಸಂತ ತೋಮಸ್ ಅಕ್ವಿನಾಸರ ಮಾತನ್ನು ನೆನಪಿಸುತ್ತದೆ. ಸಂಸ್ಕಾರವು ದೇವರು ಕೊಡುವ ವರ. ಅದು ಮಗು ಗಳಿಸಿದ ಅಂಕಕ್ಕೆ ಸಿಗುವ ಪ್ರಮಾಣಪತ್ರ ಎಂಬ ಭಾವನೆ ತರಗತಿಯೊಳಗೆ ಒಮ್ಮೆ ಹೊಕ್ಕರೆ, ಪ್ರಮಾಣಪತ್ರ ಕೈಗೆ ಬಂದ ದಿನ ಮಗು ಹೊರಗೆ ಹೋಗುವುದು ಸಹಜವೇ ಅಲ್ಲವೇ?

ಹಾಗಾದರೆ ಧರ್ಮಸಭೆ ಏನನ್ನು ಕೇಳುತ್ತದೆ? 1983ರ ಕಾನೂನು ಸಂಹಿತೆಯ 889ನೆಯ ಕಟ್ಟಳೆ ಬಹಳ ಮಿತವಾಗಿ ಕೇಳುತ್ತದೆ: ತಿಳಿವಳಿಕೆ ಬಂದವರಾದರೆ ತಕ್ಕ ಬೋಧನೆ ಪಡೆದಿರಬೇಕು, ಮನಸ್ಸು ಸಿದ್ಧವಾಗಿರಬೇಕು, ದೀಕ್ಷೆಯ ವಾಗ್ದಾನಗಳನ್ನು ನವೀಕರಿಸಲು ಶಕ್ತರಾಗಿರಬೇಕು. ಈ ಮೂರರಲ್ಲಿ ನಾವು ಮೊದಲನೆಯದಕ್ಕೇ ವರ್ಷವನ್ನೆಲ್ಲ ವೆಚ್ಚ ಮಾಡುತ್ತೇವೆ. ಸೈತಾನನನ್ನು ತ್ಯಜಿಸುತ್ತೀರಾ, ಅವನ ಕೃತ್ಯಗಳನ್ನೂ ಪೊಳ್ಳು ವಾಗ್ದಾನಗಳನ್ನೂ ತ್ಯಜಿಸುತ್ತೀರಾ ಎಂದು ಧರ್ಮಾಧ್ಯಕ್ಷರು ಕೇಳುವಾಗ, ಹದಿನಾಲ್ಕರ ಹುಡುಗನ ಬದುಕಿನಲ್ಲಿ ಆ ಪೊಳ್ಳು ವಾಗ್ದಾನ ಯಾವ ರೂಪದಲ್ಲಿ ಬರುತ್ತದೆ, ಅವನ ಮೊಬೈಲಿನಲ್ಲಿ, ಅವನ ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ, ಸಹಪಾಠಿಯೊಬ್ಬಳನ್ನು ಎಲ್ಲರೂ ಸೇರಿ ಗೇಲಿ ಮಾಡುವ ಹೊತ್ತಿನಲ್ಲಿ, ಎಂಬುದನ್ನು ಅವನೊಡನೆ ಕೂತು ಮಾತಾಡಿದವರು ಯಾರು? ಅದಕ್ಕೆ ಒಂದು ಇಡೀ ತಿಂಗಳು ಕೊಟ್ಟರೂ ಹೆಚ್ಚಲ್ಲ. ದೃಢೀಕರಣಕ್ಕೆ ಮುಂಚಿನ ಪಾಪನಿವೇದನೆಗೆ ಇಂಥ ಮಾತುಕತೆಗಿಂತ ಒಳ್ಳೆಯ ಸಿದ್ಧತೆ ನನಗೆ ಕಂಡಿಲ್ಲ.

ಇಂಥ ಸಿದ್ಧತೆಗೆ ಮೊದಲನೆಯದಾಗಿ, ಮಕ್ಕಳ ಪ್ರಶ್ನೆಗಳ ವಿಷಯ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ಸ್ನಾನದೀಕ್ಷೆಯಲ್ಲೇ ಪವಿತ್ರಾತ್ಮರು ಬಂದಿದ್ದಾರೆಂದು ಕಳೆದ ವಾರ ಹೇಳಿದಿರಿ, ಹಾಗಾದರೆ ಈಗ ಮತ್ತೆ ಏಕೆ ಬರಬೇಕು ಎಂದು ಕೇಳಿದಳು. ಪಕ್ಕದಲ್ಲಿದ್ದವಳು ಅವಳ ದುಪಟ್ಟಾ ಹಿಡಿದು ಕೂರುವಂತೆ ಎಳೆಯುತ್ತಿದ್ದಳು. ಆ ಪ್ರಶ್ನೆ ಶತಮಾನಗಳಿಂದ ಧರ್ಮಶಾಸ್ತ್ರಜ್ಞರು ಕೇಳಿಕೊಂಡು ಬಂದಿರುವ ಪ್ರಶ್ನೆ. ಐದನೆಯ ಶತಮಾನದಲ್ಲಿ ಗಾಲ್ ನಾಡಿನ (ಇಂದಿನ ಫ್ರಾನ್ಸ್) ರಿಯೆ ಎಂಬಲ್ಲಿನ ಧರ್ಮಾಧ್ಯಕ್ಷ ಫಾಸ್ತುಸರದೆಂದು ಹೇಳಲಾಗುವ ಪ್ರಬೋಧನೆಯೊಂದು ಇದಕ್ಕೇ ಉತ್ತರವಾಗಿ, ದೀಕ್ಷೆಯಲ್ಲಿ ನಾವು ಬದುಕಿಗೆ ಹುಟ್ಟುತ್ತೇವೆ, ಆ ಬಳಿಕ ಹೋರಾಟಕ್ಕೆ ಬಲ ಪಡೆಯುತ್ತೇವೆ ಎಂದು ವಿವರಿಸಿತು. ತರಗತಿಗೆ ನಾನು ಶುಭಸಂದೇಶವನ್ನೇ ತೆರೆದೆ. ಯೊವಾನ್ನರ 20ನೆಯ ಅಧ್ಯಾಯದಲ್ಲಿ, ಪುನರುತ್ಥಾನದ ದಿನದ ಸಂಜೆ, ಯೇಸು ಶಿಷ್ಯರ ಮೇಲೆ ಉಸಿರೂದಿ ಪವಿತ್ರಾತ್ಮರನ್ನು ಸ್ವೀಕರಿಸಿರಿ ಎನ್ನುತ್ತಾರೆ. ಅದಾದ ಎಂಟು ದಿನಗಳ ಮೇಲೂ ಬಾಗಿಲು ಮುಚ್ಚಿಯೇ ಇತ್ತೆಂದು ಅದೇ ಅಧ್ಯಾಯ ಹೇಳುತ್ತದೆ. ಪಂಚಾಶತ್ತಮ ದಿನದಂದು, ಎಂದರೆ ಪುನರುತ್ಥಾನದಿಂದ ಐವತ್ತನೆಯ ದಿನ, ಅದೇ ಪವಿತ್ರಾತ್ಮರು ಅದೇ ಶಿಷ್ಯರ ಮೇಲೆ ಇಳಿದರು, ಪೇತ್ರರು ಜನರ ಮುಂದೆ ನಿಂತು ಮಾತಾಡಿದರು. ಮೊದಲು ಪಡೆದದ್ದು ಸುಳ್ಳಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಅದು ಪೂರ್ಣಗೊಂಡು ಹೊರಗಿನವರ ಬಳಿಗೆ ಹೊರಟಿತು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ನಮ್ಮ ಬಾಗಿಲು ಯಾವುದು ಎಂದು ಕೇಳಿದಳು. ಆ ವಾರದ ಉಳಿದ ಪಾಠವನ್ನು ಬಿಟ್ಟು ಮಕ್ಕಳೆಲ್ಲರೂ ಅದರ ಮೇಲೆಯೇ ಮಾತಾಡಿದರು: ಕಾಲೇಜಿನಲ್ಲಿ ಕ್ರೈಸ್ತನೆಂದು ಹೇಳಿಕೊಳ್ಳುವ ಅಂಜಿಕೆ, ಬಲಿಪೂಜೆಗೆ ಹೋಗುವುದನ್ನು ಗೆಳೆಯರಿಂದ ಮುಚ್ಚಿಡುವುದು, ಮನೆಯ ಜಗಳ ಯಾರಿಗೂ ಹೇಳಲಾಗದ ಸಂಕಟ. ಪ್ರಶ್ನೆಗೆ ಜಾಗ ಕೊಡದ ತರಗತಿಯಲ್ಲಿ ಇವುಗಳಲ್ಲಿ ಒಂದೂ ಹೊರಬರುತ್ತಿರಲಿಲ್ಲ.

ಎರಡನೆಯದಾಗಿ, ಆಚರಣೆಯನ್ನೇ ಪಠ್ಯವಾಗಿ ಬಳಸಿರಿ. ಕ್ರಿಸ್ಮಾ ತೈಲದ ಬಗ್ಗೆ ಬೋರ್ಡಿನ ಮೇಲೆ ಬರೆಯುವುದಕ್ಕಿಂತ, ವಿಚಾರಣಾ ಗುರುಗಳ ಅನುಮತಿ ಪಡೆದು ಮಕ್ಕಳನ್ನು ದೇವಾಲಯದೊಳಗೆ ಕರೆದುಕೊಂಡು ಹೋಗಿ, ಪವಿತ್ರ ತೈಲಗಳನ್ನು ಇಟ್ಟಿರುವ ಪೆಟ್ಟಿಗೆಯನ್ನು ಅವರಿಂದಲೇ ತೆರೆಸಿ. ಮೂರು ಪುಟ್ಟ ಪಾತ್ರೆಗಳಿರುತ್ತವೆ. ರೋಗಿಗಳ ತೈಲಕ್ಕೂ ದೀಕ್ಷಾರ್ಥಿಗಳ ತೈಲಕ್ಕೂ ವಿಶೇಷ ವಾಸನೆ ಇರುವುದಿಲ್ಲ. ಮೂರನೆಯದು ಕ್ರಿಸ್ಮಾ; ಅದರ ಮುಚ್ಚಳ ತೆಗೆದ ಕೂಡಲೆ ಪರಿಮಳ ಬರುತ್ತದೆ, ಏಕೆಂದರೆ ಅದರಲ್ಲಿ ಆಲಿವ್ ಎಣ್ಣೆಗೆ ಬಾಲ್ಸಮ್ ಸುಗಂಧ ಬೆರೆತಿದೆ. ಪವಿತ್ರ ವಾರದ ತೈಲಾಶೀರ್ವಾದದ ಬಲಿಪೂಜೆಯಲ್ಲಿ ಧರ್ಮಾಧ್ಯಕ್ಷರು ತಮ್ಮ ಗುರುವೃಂದದ ನಡುವೆ ನಿಂತು, ಆ ತೈಲದ ಮೇಲೆ ಉಸಿರೂದಿ, ಅದನ್ನು ಪವಿತ್ರೀಕರಿಸುತ್ತಾರೆ. ಹಸುಗೂಸಾಗಿದ್ದಾಗ ನಿಮ್ಮ ನೆತ್ತಿಗೆ ಹಚ್ಚಿದ್ದು ಇದೇ ಎಂದು ಮಕ್ಕಳಿಗೆ ಹೇಳಿ. ನಮ್ಮ ಗುರುಗಳ ಅಂಗೈಗಳಿಗೆ ಅವರ ಗುರುದೀಕ್ಷೆಯ ದಿನ ಹಚ್ಚಿದ್ದೂ, ಈ ಪೀಠವನ್ನು ಪ್ರತಿಷ್ಠಾಪಿಸಿದಾಗ ಅದರ ಮೇಲೆ ಸುರಿದದ್ದೂ ಇದೇ ಎಂದು ತೋರಿಸಿ. ಅಂಥ ತೈಲ ತನ್ನ ಹಣೆಗೂ ಬರುತ್ತದೆ ಎಂದು ತಿಳಿದ ಮಗುವಿನ ಮುಖ ಬದಲಾಗುವುದನ್ನು ನೀವೇ ಕಾಣುವಿರಿ.

ಆ ಕ್ಷಣದಲ್ಲಿ ನಡೆಯುವುದು ಬಹಳ ಸರಳ. ಧರ್ಮಾಧ್ಯಕ್ಷರು ಮೊದಲು ಎಲ್ಲರ ಮೇಲೂ ಕೈಚಾಚಿ ಏಳು ವರಗಳಿಗಾಗಿ ಪ್ರಾರ್ಥಿಸುತ್ತಾರೆ. ಬಳಿಕ ಒಬ್ಬೊಬ್ಬರೂ ಮುಂದೆ ಬಂದಾಗ, ಹೆಸರು ಹಿಡಿದು ಕರೆದು, ತೈಲದಲ್ಲಿ ಅದ್ದಿದ ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದು, ಪವಿತ್ರಾತ್ಮರೆಂಬ ವರದ ಮುದ್ರೆಯನ್ನು ಸ್ವೀಕರಿಸು ಎಂಬರ್ಥದ ಮಾತನ್ನು ಹೇಳುತ್ತಾರೆ. ಮಗು ಆಮೆನ್ ಎನ್ನುತ್ತದೆ. ಈ ಸೂತ್ರವನ್ನು 1971ರಲ್ಲಿ ಪೋಪ್ ಸಂತ ಆರನೆಯ ಪೌಲರು ಪೂರ್ವ ಸಭೆಗಳ ಬಿಜಾಂಟಿನ್ ಪರಂಪರೆಯಿಂದ ಸ್ವೀಕರಿಸಿದರು. ಅದಕ್ಕೆ ಮುಂಚಿನ ಆಚರಣೆಯಲ್ಲಿ ಕೆನ್ನೆಯನ್ನು ಮೆಲ್ಲಗೆ ತಟ್ಟುವ ಪದ್ಧತಿ ಇತ್ತು. ಮನೆಯ ಅಜ್ಜಂದಿರು ಅದನ್ನು ನೆನೆದು ಧರ್ಮಾಧ್ಯಕ್ಷರು ಹೊಡೆಯುತ್ತಾರೆ ಎಂದು ಮೊಮ್ಮಕ್ಕಳಿಗೆ ಇಂದಿಗೂ ಹೇಳುವುದುಂಟು. ಈಗ ಆ ಜಾಗದಲ್ಲಿ ಸಮಾಧಾನದ ಹಾರೈಕೆಯಷ್ಟೇ ಇದೆ. ಆಮೆನ್ ಎಂಬ ಆ ಒಂದು ಮಾತನ್ನು ಗಟ್ಟಿಯಾಗಿ, ತಿಳಿದು ಹೇಳಲು ಕಲಿಸಿದರೆ ಇಡೀ ವರ್ಷದ ಬೋಧನೆ ಸಾರ್ಥಕ.

ಏಳು ವರಗಳ ಬಗ್ಗೆಯೂ ಎರಡು ಮಾತು. ಇವು ಯೆಶಾಯ ಪ್ರವಾದಿಯ 11ನೆಯ ಅಧ್ಯಾಯದಿಂದ ಬಂದವು. ಹೀಬ್ರೂ ಮೂಲದಲ್ಲಿ ಆರೇ ಇದ್ದು, ಗ್ರೀಕ್ ಮತ್ತು ಲ್ಯಾಟಿನ್ ಪಾಠಗಳಲ್ಲಿ ಭಕ್ತಿಯೂ ಸೇರಿ ಏಳಾದವು. ಪಟ್ಟಿಯಾಗಿ ಕಲಿತ ಏಳು ವರಗಳು ಪರೀಕ್ಷೆಯ ಮರುದಿನ ಮರೆತುಹೋಗುತ್ತವೆ. ಒಂದೊಂದನ್ನೂ ಮಗುವಿನ ಬದುಕಿನ ಒಂದು ನಿರ್ಧಾರದ ಜೊತೆ ಕಟ್ಟಬೇಕು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ವಿಜ್ಞಾನವೋ ವಾಣಿಜ್ಯವೋ ಎಂಬ ಪ್ರಶ್ನೆ ಬಂದಾಗ ಮನೆಯಲ್ಲಿ ಎಂಥ ಒತ್ತಡವಿರುತ್ತದೆ ಎಂಬುದು ನಿಮಗೆ ಗೊತ್ತು. ಆಲೋಚನೆಯ ವರ ಎಂದರೆ ಏನೆಂದು ಕಲಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು: ನನಗೆ ಏನು ಇಷ್ಟ, ನನ್ನಿಂದ ಏನಾಗುತ್ತದೆ, ಯಾರಿಗೆ ಇದರಿಂದ ಒಳಿತು, ಯಾರ ಭಯಕ್ಕೆ ನಾನು ಒಪ್ಪುತ್ತಿದ್ದೇನೆ ಎಂಬ ನಾಲ್ಕು ಪ್ರಶ್ನೆಗಳನ್ನು ಮಗು ದೇವರ ಮುಂದೆ ಕಾಗದದ ಮೇಲೆ ಬರೆದು, ಒಂದು ವಾರ ಆ ಕಾಗದವನ್ನು ಇಟ್ಟುಕೊಂಡು ಪ್ರಾರ್ಥಿಸಿ, ತಾನು ನಂಬುವ ಹಿರಿಯರೊಬ್ಬರ ಬಳಿ ಮಾತಾಡಲಿ. ಆ ಮಗುವಿಗೆ ಆಲೋಚನೆಯ ವರವನ್ನು ಮತ್ತೆ ವಿವರಿಸಬೇಕಾಗುವುದಿಲ್ಲ. ಧೈರ್ಯ, ತಿಳಿವಳಿಕೆ, ದೈವಭಯಗಳನ್ನೂ ಹೀಗೆಯೇ ಕಲಿಸಬಹುದು. ನೀವು ನನಗಿಂತ ಚೆನ್ನಾಗಿ ಉದಾಹರಣೆ ಹುಡುಕಬಲ್ಲಿರಿ.

ಈಗ ನನ್ನ ಮುಖ್ಯ ವಿಷಯಕ್ಕೆ, ಜ್ಞಾನತಂದೆ ಮತ್ತು ಜ್ಞಾನತಾಯಿಯ ಸ್ಥಾನಕ್ಕೆ ಬರುತ್ತೇನೆ. ದೃಢೀಕರಣದ ದಿನ ಮಗುವಿನ ಬೆನ್ನಹಿಂದೆ ನಿಂತು ಬಲಗೈಯನ್ನು ಅದರ ಭುಜದ ಮೇಲೆ ಇಡುವವರು ಇವರು. ಕಾನೂನು ಸಂಹಿತೆಯ ಪ್ರಕಾರ ಇವರು ಕಥೋಲಿಕರಾಗಿದ್ದು, ತಾವೇ ದೃಢೀಕರಣ ಪಡೆದವರಾಗಿದ್ದು, ಸಾಮಾನ್ಯವಾಗಿ ಹದಿನಾರು ವರ್ಷ ತುಂಬಿ, ವಿಶ್ವಾಸಕ್ಕೆ ತಕ್ಕ ಬಾಳು ನಡೆಸುತ್ತಿರಬೇಕು. ಹೆತ್ತ ತಂದೆತಾಯಿ ಈ ಸ್ಥಾನದಲ್ಲಿ ನಿಲ್ಲುವಂತಿಲ್ಲ. ಸ್ನಾನದೀಕ್ಷೆಯ ಜ್ಞಾನತಂದೆ ಅಥವಾ ಜ್ಞಾನತಾಯಿಯೇ ಈಗಲೂ ನಿಲ್ಲುವುದು ಅಪೇಕ್ಷಣೀಯ ಎಂದು 893ನೆಯ ಕಟ್ಟಳೆ ಹೇಳುತ್ತದೆ. ನಮ್ಮಲ್ಲಿ ಆಗುತ್ತಿರುವುದು ಏನು? ದುಬೈನಿಂದ ರಜೆಗೆ ಬಂದ ಚಿಕ್ಕಪ್ಪ, ಒಳ್ಳೆಯ ಉಡುಗೊರೆ ಕೊಡಬಲ್ಲ ಬಂಧು, ಕೊನೆಯ ವಾರ ಯಾರೂ ಸಿಗದಾಗ ಒಬ್ಬರೇ ನಾಲ್ಕೈದು ಮಕ್ಕಳ ಹಿಂದೆ ನಿಲ್ಲುವ ಕಮಿಟಿಯ ಸದಸ್ಯ. ಇವರಲ್ಲಿ ಯಾರ ಮೇಲೂ ನನಗೆ ಆಕ್ಷೇಪವಿಲ್ಲ. ಆದರೆ ಭುಜದ ಮೇಲೆ ಕೈಯಿಟ್ಟ ವ್ಯಕ್ತಿಯನ್ನು ಮಗು ಮುಂದಿನ ವರ್ಷ ನೋಡುವುದೇ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಆದ್ದರಿಂದ ಜ್ಞಾನತಂದೆ-ತಾಯಿಯ ಆಯ್ಕೆ ಕೊನೆಯ ತಿಂಗಳಿನಲ್ಲಿ ಅಲ್ಲ, ಸಿದ್ಧತೆಯ ಮೊದಲ ತಿಂಗಳಿನಲ್ಲಿ ಆಗಬೇಕೆಂದು ನಾನು ಒತ್ತಾಯಿಸುತ್ತೇನೆ. ಆಯ್ಕೆ ಮಗುವಿನದೇ ಆಗಿರಲಿ, ಗುರುಗಳ ಒಪ್ಪಿಗೆ ಇರಲಿ. ಅವರೇ ಮಗುವನ್ನು ಒಂದು ಶನಿವಾರ ಕರೆದುಕೊಂಡು ಹೋಗಿ ಬೀದಿಯಲ್ಲಿ ಒಂಟಿಯಾಗಿರುವ ರೋಗಿಯೊಬ್ಬರನ್ನು ನೋಡಿಕೊಂಡು ಬರಲಿ, ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು ಅಕ್ಕಿ ಹಂಚುವ ದಿನ ಚೀಲ ಹೊರಿಸಲಿ, ತಾವು ವಿಶ್ವಾಸ ಕಳೆದುಕೊಳ್ಳುವ ಹಂತಕ್ಕೆ ಬಂದದ್ದುಂಟೇ ಎಂದು ಮಗು ಕೇಳಿದರೆ ಮರೆಮಾಚದೆ ಹೇಳಲಿ. ಮಂಗಳೂರು ಕಡೆಯ ಧರ್ಮಕೇಂದ್ರಗಳಲ್ಲಿ ವಾಳೆಗಳೂ (ಮನೆಗಳ ಗುಂಪಿನ ವಾರ್ಡುಗಳು) ಅವುಗಳ ಗುರ್ಕಾರರೂ (ಮುಖಂಡರು) ಇರುವುದರಿಂದ ಹೀಗೆ ಮನೆಮನೆಯನ್ನು ಬಲ್ಲ ಹಿರಿಯರು ಅಲ್ಲಿ ಸುಲಭವಾಗಿ ಸಿಗುತ್ತಾರೆ. ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆ ಮನೆ ಬದಲಾದಂತೆ ಧರ್ಮಕೇಂದ್ರವೂ ಬದಲಾಗುವ ಕುಟುಂಬಗಳಿಗೆ ಅಂಥವರನ್ನು ನಾವೇ ಹುಡುಕಿಕೊಡಬೇಕು.

ಭಾಷೆಯ ಮಾತನ್ನೂ ಆಡದೆ ಇರಲಾರೆ. ಮಗು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತದೆ, ಧರ್ಮೋಪದೇಶವನ್ನೂ ಇಂಗ್ಲಿಷಿನಲ್ಲಿ ಕಲಿಯುತ್ತದೆ. ಮನೆಯಲ್ಲಿ ಅಜ್ಜಿ ಕನ್ನಡದಲ್ಲೋ ಕೊಂಕಣಿಯಲ್ಲೋ ತಮಿಳಿನಲ್ಲೋ ಜಪಸರ ಹೇಳುತ್ತಾರೆ. ತರಗತಿಯ ಭಾಷೆ ಯಾವುದೇ ಇರಲಿ, ಪವಿತ್ರಾತ್ಮರಿಗೆ ಮಾಡುವ ಒಂದು ಪುಟ್ಟ ಪ್ರಾರ್ಥನೆಯನ್ನಾದರೂ ಮಗು ತನ್ನ ಮನೆಯ ಮಾತಿನಲ್ಲಿ ಕಲಿಯಲಿ. ದುಃಖದ ಹೊತ್ತಿನಲ್ಲಿ ಬಾಯಿಗೆ ಬರುವುದು ಆ ಮಾತೇ. ಅದನ್ನು ಅಜ್ಜಿಯಿಂದಲೇ ಕಲಿತು ಬರಬೇಕೆಂದು ಹೇಳಿದರೆ ಮನೆಯೂ ಸಿದ್ಧತೆಯೊಳಗೆ ಸೇರಿಕೊಳ್ಳುತ್ತದೆ.

ಹೆತ್ತವರೇ, ನಿಮ್ಮಲ್ಲಿ ಒಂದು ವಿನಂತಿ. ದೃಢೀಕರಣ ಆಗಿಬಿಡಲಿ, ಮುಂದೆ ಮದುವೆಗೆ ಸರ್ಟಿಫಿಕೇಟ್ ಬೇಕಾಗುತ್ತದೆ ಎಂದು ಮಕ್ಕಳ ಮುಂದೆ ಹೇಳಬೇಡಿ. ಮದುವೆಗೆ ಮುಂಚೆ ದೃಢೀಕರಣ ಪಡೆದಿರಬೇಕೆಂದು 1065ನೆಯ ಕಟ್ಟಳೆ ಹೇಳುವುದು ನಿಜ. ಗಂಭೀರ ಅಡಚಣೆ ಇಲ್ಲದಿದ್ದರೆ ಎಂಬ ಷರತ್ತನ್ನೂ ಅದೇ ಸೇರಿಸಿದೆ. ಮಗುವಿನ ಕಿವಿಗೆ ಈ ಸಂಸ್ಕಾರ ಮುಂದೊಂದು ದಿನದ ಕಾಗದಪತ್ರವಾಗಿ ಬಿದ್ದರೆ, ನಾವು ತರಗತಿಯಲ್ಲಿ ಎಷ್ಟು ಹೇಳಿದರೂ ಅದು ಮೇಲೇಳದು. ಅದಕ್ಕೆ ಬದಲಾಗಿ ನಿಮ್ಮ ಸ್ವಂತ ದೃಢೀಕರಣ ಎಲ್ಲಿ ನಡೆಯಿತು, ಆಗ ಯಾರು ನಿಮ್ಮ ಹಿಂದೆ ನಿಂತಿದ್ದರು ಎಂದು ಹೇಳಿ. ನೆನಪಿಲ್ಲದಿದ್ದರೆ ಮಗುವಿನ ಜೊತೆ ಕೂತು ಹುಡುಕಿ; ನಿಮ್ಮ ಹೆಸರು ಧರ್ಮಕೇಂದ್ರದ ದಾಖಲಾತಿ ಪುಸ್ತಕದಲ್ಲಿ ಇದ್ದೇ ಇರುತ್ತದೆ.

ಕೊನೆಯದಾಗಿ, ಸಂಸ್ಕಾರದ ನಂತರದ ದಿನಗಳು. ನಾಲ್ಕನೆಯ ಶತಮಾನದಲ್ಲಿ ಜೆರುಸಲೇಮಿನ ಸಂತ ಸಿರಿಲರ ಸಭೆಯಲ್ಲೂ ಮಿಲಾನಿನ ಸಂತ ಅಂಬ್ರೋಸರ ಸಭೆಯಲ್ಲೂ ಸಂಸ್ಕಾರಗಳ ಆಳವಾದ ಬೋಧನೆ ನಡೆಯುತ್ತಿದ್ದುದು ಸಂಸ್ಕಾರ ಪಡೆದ ಮೇಲೆ, ಪಾಸ್ಕ ಹಬ್ಬದ ವಾರದಲ್ಲಿ. ಅನುಭವ ಮೊದಲು, ವಿವರಣೆ ಆಮೇಲೆ. ನಾವೂ ದೃಢೀಕರಣದ ದಿನಾಂಕವನ್ನು ತರಗತಿಯ ಕೊನೆಯ ದಿನವೆಂದು ಇಡದೆ, ಅದಾದ ಮೇಲೂ ಕೆಲವು ತಿಂಗಳು ಅದೇ ಗುಂಪು, ಅದೇ ಶಿಕ್ಷಕರು, ಅದೇ ಜ್ಞಾನತಂದೆ-ತಾಯಿಯರು ಸೇರುವಂತೆ ಮೊದಲೇ ತಿಳಿಸಬೇಕು. ಆಗ ಕೆಲಸ ಕೊಡಿ: ವಾಚನ ಓದುವ ತರಬೇತಿ, ಪ್ರಥಮ ಪರಮಪ್ರಸಾದದ ಚಿಕ್ಕ ಮಕ್ಕಳ ತರಗತಿಯಲ್ಲಿ ಸಹಾಯ, ವೈಸಿಎಸ್ ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯ ಘಟಕದಲ್ಲಿ ಒಂದು ಹೊಣೆ. ಪಿಯುಸಿಯಲ್ಲಿ ಭಾನುವಾರ ಬೆಳಿಗ್ಗೆಯೇ ನೀಟ್, ಸಿಇಟಿ ಕೋಚಿಂಗ್ ಇರುತ್ತದೆ. ಸಂಜೆಯ ಬಲಿಪೂಜೆಯ ನಂತರ ಈ ಗುಂಪು ಸೇರುವಂತಾದರೆ ಆ ಮಕ್ಕಳನ್ನು ಕಳೆದುಕೊಳ್ಳುವುದಿಲ್ಲ. ಮೂಡುಬಿದಿರೆಗೋ ಮೈಸೂರಿಗೋ ಹಾಸ್ಟೆಲಿಗೆ ಹೋಗುವವರ ಹೆಸರು, ಕಾಲೇಜು, ಹಾಸ್ಟೆಲಿನ ವಿಳಾಸಗಳನ್ನು ಹೆತ್ತವರ ಒಪ್ಪಿಗೆಯೊಡನೆ ಪಟ್ಟಿ ಮಾಡಿ, ಅಲ್ಲಿನ ಧರ್ಮಕೇಂದ್ರದ ಗುರುಗಳಿಗೆ ತಲುಪಿಸುವ ಕೆಲಸವನ್ನು ಬರುವ ಜೂನ್‌ನಿಂದಲೇ ಆರಂಭಿಸಬಹುದು. ಇಬ್ಬರು ಶಿಕ್ಷಕರು ಮುಂದೆ ಬಂದರೆ ಸಾಕು. ಪಟ್ಟಿಯ ನಮೂನೆಯನ್ನು ನಾನು ಸಿದ್ಧಪಡಿಸಿ ತಂದಿದ್ದೇನೆ, ಸಭೆ ಮುಗಿದ ಮೇಲೆ ಅದನ್ನು ಒಟ್ಟಿಗೆ ನೋಡೋಣ.